ಮುಸುಕು ಹಾಕಿದ ಕಾರು

ಮಾನ್ವಿಯ ಒಂದು ಹೈಸ್ಕೂಲಿನಲ್ಲಿ ನಾನು ಡ್ರಾಯಿಂಗ್ ಮಾಸ್ತರ. ಹೆಂಡತಿ ದೇವದುರ್ಗದ ಆಸ್ಪತ್ರೆಯಲ್ಲಿ ನರ್ಸು. ಮನೆ ಮಾತ್ರ ರಾಯಚೂರಿನಲ್ಲಿ. ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಅವಳು ಒಂದು ಬಸ್ ಹತ್ತಿದರೆ ನಾನು ಇನ್ನೊಂದನ್ನು ಹತ್ತುತ್ತೇನೆ. ಸಂಜೆ ಯಾರು ಮೊದಲು ಬರುತ್ತಾರೋ ಅವರು ಅನ್ನಕ್ಕಿಡಬೇಕು. ಹೀಗೆ ಬದುಕುವವರ ಕಿವಿಗೆ ಅಗ್ಗದ ಎಲೆಕ್ಟ್ರಿಕ್ ಕಾರೊಂದು ಬರಲಿದೆ ಎಂಬ ಸುದ್ದಿ ಬಿದ್ದರೆ ಏನಾಗಬೇಕೋ ಅದೇ ನಮಗೂ ಆಯಿತು. ಒಂದು ಭಾನುವಾರ ಪೂರ್ತಿ ಅದರ ಮಾತೇ. ಯಾವ ಬಣ್ಣ, ಎಲ್ಲಿ ನಿಲ್ಲಿಸುವುದು, ಓಣಿಯ ಒಳಗೆ ತಿರುಗುತ್ತದೋ ಇಲ್ಲವೋ.

ಆ ಕಾರು ಇನ್ನೂ ಅಂಗಡಿಗೆ ಬಂದಿರಲಿಲ್ಲ. ಕಂಪನಿಯವರು ಅದರ ಮೈತುಂಬ ಕಪ್ಪು ಬಿಳಿ ಸುರುಳಿಗಳ ಸ್ಟಿಕ್ಕರ್ ಅಂಟಿಸಿ, ಹಿಂದೆ ಮುಂದೆ ದಪ್ಪ ಮುಸುಕು ಬಿಗಿದು, ಆಕಾರ ಗೊತ್ತಾಗದಂತೆ ಮಾಡಿ ಊರೂರಿನ ರಸ್ತೆಗಳಲ್ಲಿ ಓಡಿಸಿ ನೋಡುತ್ತಿದ್ದರು. ಯಾರೋ ಕದ್ದು ತೆಗೆದ ಮಸುಕು ಫೋಟೋಗಳು ನೆಟ್‌ನಲ್ಲಿ ಸಿಗುತ್ತಿದ್ದವು. ನಾನು ಅವನ್ನು ನೋಡಿ, ಮುಸುಕಿನ ಒಳಗೆ ಏನಿರಬಹುದು ಎಂದು ಊಹಿಸಿ ಚಿತ್ರ ಬರೆಯುತ್ತಿದ್ದೆ. ಅಂಥ ಒಂದು ಚಿತ್ರವನ್ನು ಸ್ಟೇಟಸ್ಸಿಗೆ ಹಾಕಿದೆ. ರಾಯಚೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟುಕೊಂಡು, ಗಾಡಿಗಳ ಬಗ್ಗೆ ವಿಡಿಯೋ ಮಾಡುತ್ತಿದ್ದ ಪರಿಚಯದವನೊಬ್ಬ ಅದನ್ನು ನೋಡಿ ತಮ್ಮ ವಾಟ್ಸಾಪ್ ಗುಂಪಿಗೆ ನನ್ನನ್ನು ಸೇರಿಸಿದ.

ಗುಂಪಿನವರು ತಿಂಗಳಿಗೆ ಎರಡು ಭಾನುವಾರ ಮಾನ್ವಿಯಲ್ಲಿ ಸೇರುತ್ತಿದ್ದರು. ಅವರಲ್ಲೊಬ್ಬರದು ರೈಸ್ ಮಿಲ್ಲು. ಎಲ್ಲರೂ ಅವರನ್ನು ಸಾವಕಾರ್ರು ಎನ್ನುತ್ತಿದ್ದರು, ನಾನೂ ಹಾಗೇ ಅಂದೆ. ಮಿಲ್ಲಿನ ಆಫೀಸಿಗೆ ಎಸಿ ಇತ್ತು, ಒಂದು ಕಡೆ ಗೋಡೆಯ ಬದಲು ಗಾಜು. ಗಾಜಿನ ಆಚೆ ಹಮಾಲರು ಅಕ್ಕಿ ಚೀಲ ಹೊತ್ತು ಲಾರಿ ತುಂಬುತ್ತಿದ್ದರು. ನನ್ನ ತಂದೆ ಮೂವತ್ತು ವರ್ಷ ಅದೇ ಕೆಲಸ ಮಾಡಿದವರು. ಆ ಮಿಲ್ಲಿನಲ್ಲಲ್ಲ, ಅಂಥದ್ದೇ ಇನ್ನೊಂದರಲ್ಲಿ. ಗುಂಪಿನಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ. ನಾನೂ ಹೇಳಲು ಹೋಗಲಿಲ್ಲ.

ಮೊದಮೊದಲು ಅಲ್ಲಿನ ಮಾತು ನನಗೆ ಹಬ್ಬದೂಟವಾಗಿತ್ತು. ಬ್ಯಾಟರಿ ಕಾಲಡಿ ಇರುವುದರಿಂದ ನೆಲ ಎತ್ತರವಾಗುತ್ತದೆ, ಹಿಂದೆ ಕೂತವರ ಮೊಣಕಾಲು ಎದೆಗೆ ಬರುತ್ತದೆ ಎಂದು ಒಬ್ಬರು ಹೇಳಿದರೆ, ಬಾಗಿಲ ಹಿಡಿಕೆ ಬಾಡಿಯ ಒಳಗೇ ಅಡಗಿದ್ದರೆ ನಮ್ಮ ಕಪ್ಪು ಎರಿ ಮಣ್ಣು ಅದರಲ್ಲಿ ಮೆತ್ತಿಕೊಂಡು ಕೂರುತ್ತದೆ ಎಂದು ಇನ್ನೊಬ್ಬರು. ಮುಂದೆ ಜಾಲರಿ ಇಲ್ಲದ್ದರ ಬಗ್ಗೆ ಒಂದು ಗಂಟೆ ವಾದ ನಡೆಯಿತು.

"ಎಂಜಿನ್ನೇ ಇಲ್ಲಂದ ಮ್ಯಾಲ ಗಾಳಿ ಯಾಕ ಬೇಕ್ರಿ?" ಎಂದೆ ನಾನು.

"ಬ್ಯಾಡ ಖರೆ. ಆದ್ರ ಮೂಗು ಇಲ್ಲದ ಮಕ ಕಂಡಂಗ ಕಾಣ್ತದಲ್ರಿ ಮಾಸ್ತರ್ರ," ಎಂದರು ಸಾವಕಾರ್ರು. ಎಲ್ಲರೂ ನಕ್ಕರು. ನಾನು ಅಲ್ಲೇ ಕಾಗದ ತೆಗೆದು ಮೂಗಿರುವ ಒಂದು, ಇಲ್ಲದ ಒಂದು ಬರೆದು ತೋರಿಸಿದೆ. ನನ್ನ ಬೆನ್ನು ತಟ್ಟಿದರು.

ಮೂರನೆಯ ಸಲ ಸೇರಿದಾಗ ಮಾತು ಬೇರೆ ಕಡೆ ಹೊರಳಿತು. ಕಾರಿನ ಬೆಲೆ ಎಲ್ಲರ ಕೈಗೆ ಎಟುಕುವಂತಿದ್ದರೆ ಅದನ್ನು ಕೊಳ್ಳುವುದರಲ್ಲಿ ಏನು ಶೋಭೆ ಎಂಬುದು ಅವರ ಚಿಂತೆ.

"ಹಿಂದಿಂದ ನೋಡಿದ್ರ ಸೋವಿ ಗಾಡಿ ಅಂತ ಗೊತ್ತಾಗಬಾರದು ನೋಡ್ರಿ. ಹಿಂದಿನ ಲೈಟು ದೊಡ್ಡ ಗಾಡೀದಂಗ ಇರಬೇಕು," ಎಂದ ಮೊಬೈಲ್ ಅಂಗಡಿಯವನು.

"ಲೈಟು ಹೆಂಗರ ಇರ್ಲಿ ಬಿಡ್ರಿ," ಎಂದರು ಸಾವಕಾರ್ರು, ಗಾಜಿನ ಕಡೆ ಗದ್ದ ಎತ್ತಿ. "ನಾಳಿ ಇವರೂ ಕಂತಿನ ಮ್ಯಾಲ ತಗೊಂಡು ಚೀಲ ಹೊರಾಕ ಕಾರಿನ್ಯಾಗ ಬರ್ತಾರ. ಸೀಟಿಗೆಲ್ಲಾ ಬೆವರು ವಾಸನಿ. ಅದಕ್ಕ ತೊಳಿಯೋ ಸೀಟು ಮಾಡ್ರಂತ ಬರದು ಕಳಸ್ರಿ ಕಂಪನಿಗೆ."

ಕೋಣೆ ಪೂರ್ತಿ ನಕ್ಕಿತು. ನಾನೂ ನಕ್ಕೆ. ನಗಲಿಲ್ಲ, ಸುಮ್ಮನಿದ್ದೆ ಎಂದು ಇಲ್ಲಿ ಬರೆಯಬಹುದಿತ್ತು. ಆದರೆ ನಕ್ಕದ್ದು ನಿಜ, ಹಲ್ಲು ಬಿಟ್ಟೇ ನಕ್ಕಿದ್ದೆ. ಬಸ್ಸಿನಲ್ಲಿ ಮನೆಗೆ ಬರುವಾಗ ಬಾಯಿಯೆಲ್ಲ ಹುಳಿಹುಳಿಯಾಗಿ, ಗಿಡಕ್ಕೆ ಕಟ್ಟಿದ ಚಿಂದಿಯಂತೆ ನನ್ನ ನಗು ನನ್ನ ಮುಖಕ್ಕೇ ನೇತು ಬಿದ್ದಂತೆ ಅನ್ನಿಸುತ್ತಿತ್ತು. ಆದರೂ ಗುಂಪು ಬಿಡಲಿಲ್ಲ. ಅಲ್ಲಿ ನನ್ನ ಚಿತ್ರಗಳಿಗೆ ಬೆಲೆಯಿತ್ತು. ಶಾಲೆಯಲ್ಲಿ ಡ್ರಾಯಿಂಗ್ ಪಿರಿಯಡ್ಡನ್ನು ಗಣಿತದವರು ಕೇಳದೆಯೇ ತೆಗೆದುಕೊಳ್ಳುತ್ತಾರೆ.

ಬೇಸಿಗೆ ಜೋರಾದ ಮೇಲೆ ಒಂದು ಭಾನುವಾರ ನಾವು ಮಿಲ್ಲಿನಲ್ಲಿ ಕೂತಿದ್ದಾಗಲೇ ಗುಂಪಿಗೆ ಒಂದು ಫೋಟೋ ಬಂತು. ಕಲ್ಲೂರಿನ ಹತ್ತಿರ, ರಸ್ತೆ ಪಕ್ಕದ ಖಾನಾವಳಿಯೊಂದರ ಮುಂದೆ ಮುಸುಕು ಹಾಕಿದ ಕಾರು ನಿಂತಿದೆ. ನಮ್ಮ ಬಿಸಿಲಿನಲ್ಲಿ ಬ್ಯಾಟರಿ ಎಷ್ಟು ತಾಳುತ್ತದೆಂದು ನೋಡಲು ತಂದಿದ್ದರೇನೋ. ಸಾವಕಾರ್ರು ಎದ್ದೇ ಬಿಟ್ಟರು. ಎರಡು ಕಾರುಗಳಲ್ಲಿ ಎಂಟು ಮಂದಿ ಹೊರಟೆವು. ಇಷ್ಟು ದಿನ ಊಹೆಯಲ್ಲಿ ಬರೆದದ್ದನ್ನು ಕಣ್ಣಾರೆ ನೋಡುವ ಖುಷಿ ನನಗೆ.

ಕಾರಿನ ಚಾರ್ಜು ಮುಗಿದಿತ್ತು. ಖಾನಾವಳಿಯ ಮೋಟರಿನ ಪ್ಲಗ್ಗಿನಿಂದ ಉದ್ದನೆಯ ವೈರ್ ಎಳೆದು ಅದಕ್ಕೆ ಹಚ್ಚಿದ್ದರು. ಅದನ್ನು ಓಡಿಸುತ್ತಿದ್ದವನ ಜೊತೆಗಾರ ಸಹಾಯ ಕರೆತರಲು ರಾಯಚೂರಿಗೆ ಹೋಗಿದ್ದನಂತೆ. ಡ್ರೈವರ್ ಒಬ್ಬನೇ ಒಳಗೆ ಊಟಕ್ಕೆ ಕೂತಿದ್ದ. ನಮ್ಮ ಗದ್ದಲ ಕೇಳಿ ಹೊರಗೆ ಓಡಿಬಂದ. ನಲವತ್ತು ದಾಟಿದ ತೆಳ್ಳನೆಯ ಮನುಷ್ಯ, ತೆಲುಗು ಬೆರೆತ ಕನ್ನಡ.

"ವದ್ದು ಸಾರ್, ವದ್ದು. ಫೋಟೋ ಬೇಡ. ಕಂಪನಿಯವ್ರು ಬೈತಾರೆ ಸಾರ್."

"ಏ, ನಾವೇನು ಕಳ್ಳರೇನೋ? ಇದರ ಅಭಿಮಾನಿಗಳು ನಾವು," ಎಂದ ಮೊಬೈಲ್ ಅಂಗಡಿಯವನು, ವಿಡಿಯೋ ತೆಗೆಯುತ್ತಲೇ.

ಗುಂಪು ಕಾರಿನ ಸುತ್ತ ಹರಡಿಕೊಂಡಿತು. ಒಬ್ಬ ಬಾನೆಟ್ಟಿನ ಮೇಲೆ ಬಡಿದು "ಡಬ್ಬಿ" ಎಂದ. ಇನ್ನೊಬ್ಬ ಗಾಜಿಗೆ ಮುಖ ಒತ್ತಿ ಒಳಗಿನ ಪರದೆಯ ಫೋಟೋ ತೆಗೆದ. ಅವನ ಮೂಗಿನ ಎಣ್ಣೆ ಗಾಜಿನ ಮೇಲೆ ಉಳಿಯಿತು. ಗುಟ್ಕಾ ಹಾಕಿಕೊಂಡಿದ್ದ ಒಬ್ಬ ಗಾಲಿಯ ಪಕ್ಕದಲ್ಲೇ ಉಗುಳಿದ. ಸಾವಕಾರ್ರು ಖಾನಾವಳಿಯಿಂದ ಬಿಸಿ ಮಿರ್ಚಿ ಭಜಿ ತರಿಸಿ, ತಿನ್ನುತ್ತ ಕಾರನ್ನು ಸುತ್ತು ಹಾಕಿ, ಎಣ್ಣೆ ಕೈಯನ್ನು ಅದರ ಮುಸುಕಿಗೇ ಒರೆಸಿದರು. ಒರೆಸಿ, ಡ್ರೈವರನ ಮುಂದೆ ಪ್ಲೇಟು ಹಿಡಿದು, "ತಿನ್ನೋ ಮಾರಾಯ, ಯಾಕ ಹೆದರ್ತಿ," ಎಂದರು. ಅವನು ಬೇಡವೆಂದು ತಲೆಯಾಡಿಸಿದ.

ಇಷ್ಟರವರೆಗೆ ನಾನು ಸುಮ್ಮನೆ ನೋಡುತ್ತಿದ್ದೆ. ನನ್ನ ಕಣ್ಣಿದ್ದದ್ದು ಹಿಂಭಾಗದ ಮೇಲೆ. ನನ್ನ ಚಿತ್ರದಲ್ಲಿ ಹಿಂದಿನ ದೀಪವೊಂದೇ ಸರಿಯಾಗಿ ಕೂತಿರಲಿಲ್ಲ. ಮುಸುಕಿನ ಒಂದು ಮೂಲೆ ಬಿಸಿಲಿಗೆ ಅಂಟು ಬಿಟ್ಟು ಸ್ವಲ್ಪ ಎದ್ದಿತ್ತು.

"ಆ ಮೂಲಿ ಒಂಚೂರು ಎತ್ತಿದ್ರ ಲೈಟು ಕಾಣ್ತದ ನೋಡ್ರಿ," ಎಂದೆ.

ಹೌದು, ಅಂದವನು ನಾನೇ. ಮೊಬೈಲ್ ಅಂಗಡಿಯವನು ಒಂಚೂರು ಎತ್ತಲಿಲ್ಲ. ಫೋನನ್ನು ಪಕ್ಕದವನ ಕೈಗೆ ಕೊಟ್ಟು, ಎರಡೂ ಕೈಯಿಂದ ಹಿಡಿದು ಎಳೆದ. ಮುಸುಕು ಪರ್ರೆಂದು ಅರ್ಧದವರೆಗೆ ಕಿತ್ತು ಬಂತು. ಅದರ ಜೊತೆಗೇ ಟಕ್ ಎಂದು ಏನೋ ಮುರಿದ ಸದ್ದು. ದೀಪದ ಒಂದು ತುದಿಯಲ್ಲಿ ಬಿರುಕು. ಕಪ್ಪು ಪ್ಲಾಸ್ಟಿಕ್ ಕ್ಲಿಪ್ಪುಗಳು ಮಣ್ಣಿನಲ್ಲಿ ಚೆಲ್ಲಿದವು. ಗುಂಪು ಹೋ ಎಂದು ಕೂಗಿತು.

ಡ್ರೈವರ್ ಮೊದಲು ಮೊಣಕಾಲೂರಿ ಕ್ಲಿಪ್ಪುಗಳನ್ನು ಆರಿಸಿದ. ಆಮೇಲೆ, ಆರಿಸಿ ಏನೂ ಪ್ರಯೋಜನವಿಲ್ಲ ಎಂದು ತಿಳಿಯಿತೇನೋ, ಎದ್ದು ಆ ದೀಪಕ್ಕೆ ಬೆನ್ನು ಕೊಟ್ಟು, ಎರಡೂ ಕೈ ಅಗಲಿಸಿ ನಿಂತುಬಿಟ್ಟ. "ಸಾಲು ಸಾರ್, ಸಾಲು. ಗಾಡಿ ನಂದಲ್ಲ ಸಾರ್," ಎನ್ನುತ್ತಿದ್ದ. ಸಾಕು ಸಾಕು ಎಂದರ್ಥ. ನಾವು ಅದನ್ನೂ ವಿಡಿಯೋ ಮಾಡಿಕೊಂಡು ಹೊರಟೆವು.

ಇದಕ್ಕಿಂತ ಹೇಸಿಗೆಯದ್ದನ್ನು ಈಗ ಹೇಳಬೇಕು. ನಾನು ಮನೆಗೆ ಬಂದು, ಮುಖ ತೊಳೆದುಕೊಂಡು, ಆ ದೀಪವನ್ನು ಬರೆಯಲು ಕೂತೆ. ಬಿರುಕೊಂದನ್ನು ಬಿಟ್ಟು ಉಳಿದದ್ದೆಲ್ಲ ಕಣ್ಣಿಗೆ ಕಟ್ಟಿತ್ತು. ಅಷ್ಟು ಚೆನ್ನಾದ ಚಿತ್ರ ನಾನು ಅದಕ್ಕೂ ಮೊದಲು ಬರೆದಿರಲಿಲ್ಲ. ಕೆಳಗೆ ಸಹಿ ಹಾಕಿ ಗುಂಪಿಗೆ ಕಳಿಸಿದೆ. ಚಪ್ಪಾಳೆಯ ಚಿಹ್ನೆಗಳು ಸಾಲುಗಟ್ಟಿ ಬಂದವು. ಅವನ್ನು ಮೇಲೆ ಕೆಳಗೆ ಸರಿಸಿ ಸರಿಸಿ ನೋಡಿದೆ.

ಹೆಂಡತಿ ಡ್ಯೂಟಿ ಮುಗಿಸಿ ಬಂದವಳು ನನ್ನ ಭುಜದ ಹಿಂದಿನಿಂದ ಇಣುಕಿದಳು. ಚಿತ್ರದ ಕೆಳಗೇ ಆ ವಿಡಿಯೋ ಇತ್ತು. ಅದನ್ನು ಒತ್ತಿ ನೋಡಿದಳು. ಎರಡನೇ ಸಲವೂ ನೋಡಿದಳು.

"ಈ ಮನಷ್ಯಾನ ಕಾಲಾಗ ಚಪ್ಪಲಿ ಇಲ್ಲಲ್ರಿ," ಎಂದಳು.

"ಊಟಕ್ಕ ಕುಂತಿದ್ದ. ಹಂಗ ಎದ್ದು ಬಂದಾನ."

"ಬಲಗೈ ನೋಡ್ರಿ. ಅನ್ನ ಒಣಗಿ ಹತ್ಯಾದ. ಅದಕ್ಕ ಓಡಿ ಬಂದಾಗ ಎಡಗೈಲೆ ಬ್ಯಾಡ ಬ್ಯಾಡ ಅನ್ನಾಕತ್ಯಾನ." ಸ್ವಲ್ಪ ತಡೆದು ಕೇಳಿದಳು, "ನೀವು ಎಲ್ಲಿದ್ರಿ ಆಗ?"

"ಅಲ್ಲೇ."

"ಅಲ್ಲೇ ಅಂದ್ರ?"

ವಿಡಿಯೋದಲ್ಲಿ ನನ್ನ ದನಿ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಅವಳು ಫೋನನ್ನು ಚಾಪೆಯ ಮೇಲೆ ಇಟ್ಟಳು, ಏನೋ ಮೆತ್ತಿಕೊಂಡದ್ದನ್ನು ಇಡುವ ಹಾಗೆ. ಬಚ್ಚಲಿಗೆ ಹೋಗಿ ಕೈ ತೊಳೆದಳು. ಡ್ಯೂಟಿಯಿಂದ ಬಂದ ಮೇಲೆ ದಿನಾ ಕೈ ತೊಳೆಯುತ್ತಾಳೆ, ಹೊಸದೇನಲ್ಲ. ಅವತ್ತು ಮಾತ್ರ ನೀರಿನ ಸದ್ದು ಬಹಳ ಹೊತ್ತು ಕೇಳಿಸಿತು.

ಮರುದಿನ ಗುಂಪಿನಲ್ಲಿ ಬರೆದೆ: ಆ ವಿಡಿಯೋ ತೆಗೆದುಹಾಕಿ, ಮನುಷ್ಯನ ಮುಖ ಕಾಣುತ್ತದೆ, ಅವನ ಕೆಲಸಕ್ಕೆ ಕುತ್ತು ಬರುತ್ತದೆ. ಅಷ್ಟರಲ್ಲಿ ಅದು ನೆಟ್ಟಿಗೂ ಏರಿ, ಸಾವಿರಾರು ಮಂದಿ ನೋಡಿಯಾಗಿತ್ತು. ಮೊಬೈಲ್ ಅಂಗಡಿಯವನು ನಗುವ ಮುಖಗಳ ಚಿಹ್ನೆ ಹಾಕಿದ. ಸಾವಕಾರ್ರು ಫೋನನ್ನೇ ಮಾಡಿದರು.

"ಏನ್ರಿ ಮಾಸ್ತರ್ರ, ಒಮ್ಮಿಂದೊಮ್ಮಿ ಸಾಧು ಆದ್ರಲ್ಲ? ಮೂಲಿ ಎತ್ರಿ ಅಂದಾವ್ರು ನೀವು ಅಲ್ಲೇನ್ರಿ?"

"ಹೌದ್ರಿ, ನಾನ ಅಂದಾಂವ."

"ಮತ್ತ? ಡ್ರೈವರ್ರು ನೂರು ಮಂದಿ ಸಿಗ್ತಾರ. ನಿಮ್ಮ ಚಿತ್ರ ಮಾತ್ರ ಭಾರಿ ಬಂದದ, ನೋಡ್ರಿ."

ಆ ಹೊಗಳಿಕೆ ಕೇಳಿದಾಗ, ನನ್ನ ಎಲೆಯಲ್ಲಿ ಬೇರೆಯವರು ಅಗಿದ ತುತ್ತು ಬಿದ್ದಂತಾಯಿತು. ನನ್ನ ತಂದೆ ಹಮಾಲಿ ಮಾಡಿದವರು ಎಂದು ಆಗಲಾದರೂ ಹೇಳಬೇಕೆನ್ನಿಸಿತು. ಹೇಳಿದೆ.

"ಅದಕ್ಕೂ ಇದಕ್ಕೂ ಏನ್ ಸಂಬಂಧ್ರಿ?" ಎಂದರು. ನಿಜವಾಗಿಯೂ ಅವರಿಗೆ ಅರ್ಥವಾಗಿರಲಿಲ್ಲ. ಸಂಜೆಯ ಹೊತ್ತಿಗೆ ನನ್ನನ್ನು ಗುಂಪಿನಿಂದ ತೆಗೆದಿದ್ದರು.

ಆ ವಾರವೇ ಒಂದು ದಿನ ಶಾಲೆ ಮುಗಿಸಿ, ರಾಯಚೂರಿನ ಬಸ್ಸಿನಿಂದ ಕಲ್ಲೂರಿನ ಹತ್ತಿರ ಇಳಿದೆ. ಖಾನಾವಳಿ ನಡೆಸುತ್ತಿದ್ದದ್ದು ಅರವತ್ತರ ಹತ್ತಿರದ ಒಬ್ಬ ಹೆಂಗಸು. ರೊಟ್ಟಿ ಬಡಿಯುತ್ತಿದ್ದಳು. ಬ್ಯಾಗು, ಕನ್ನಡಕ ನೋಡಿ ನನ್ನನ್ನು ಮಾಸ್ತರನೆಂದು ಅವಳೇ ಗುರುತಿಸಿ, ಬೆಂಚು ಒರೆಸಿ ಕೂರಿಸಿದಳು. ನೀರು ತಂದಿಟ್ಟಳು. ಕಾರಿನ ಡ್ರೈವರನ ಬಗ್ಗೆ ಕೇಳಿದೆ.

"ಅಯ್ಯ, ಅದನ್ನ ಏನ್ ಕೇಳ್ತೀರಿ ಸರ್. ಊಟಾ ಅರ್ಧಕ್ಕ ಬಿಟ್ಟು ಎದ್ದಿದ್ದ. ನೀವೆಲ್ಲಾ ಓದಿದಾವ್ರು... ಬಂದಾವ್ರೂ ಓದಿದಾವ್ರೇ ಇದ್ರು, ಕಾರಿನ್ಯಾಗ ಬಂದಿದ್ರು. ಅವರು ಹೋದ ಮ್ಯಾಲ ಬಾ ಉಣ್ಣು ಅಂದೆ. ಉಣಲಿಲ್ಲ. ಆ ಹರದದ್ದನ್ನ ಹಗ್ಗ ಹಾಕಿ ಕಟ್ಟಿಕೋತ ಕುಂತ. ಸಂಜಿಮುಂದ ಮ್ಯಾಲಿನವ್ರು ಬಂದ್ರು. ಎಲ್ಲಾರ ಮುಂದ ಬೈದ್ರು. ಕೀಲಿ ಕಸಗೊಂಡು ಗಾಡಿ ಒಯ್ದ್ರು, ಅವನ್ನ ಇಲ್ಲೇ ಬಿಟ್ಟು. ಅವನ ಚೀಲ ಆ ಗಾಡ್ಯಾಗ ಇತ್ತಂತ. ಇಲ್ಲಿಂದ ಬಸ್ಸಿಗಿ ಹೋದ, ರಾಯಚೂರಿಗೆ."

"ಫೋನ್ ನಂಬರ್ ಏನಾರ ಕೊಟ್ಟಾನೇನು?"

"ಇಲ್ರಿ. ಯಾಕ, ನಿಮ್ಮ ಬಳಗದಾಂವೇನು?"

ಹೌದೆಂದರೆ ಅವಳು ಇನ್ನೊಂದು ಲೋಟ ನೀರು ಕೊಡುತ್ತಿದ್ದಳು. ಬಾಯಿಗೆ ಬಂದೂ ಇತ್ತು.

"ಇಲ್ಲ ಯವ್ವಾ. ಅವತ್ತು ಬಂದಿದ್ರಲ್ಲ, ಅವರ ಜೋಡಿ ನಾನೂ ಇದ್ದೆ. ಅದನ್ನ ಎತ್ರಿ ಅಂತ ಹೇಳಿದಾಂವ ನಾನ."

ಅವಳ ಕೈ ರೊಟ್ಟಿಯ ಮೇಲೆ ನಿಂತಿತು. ನನ್ನ ಮುಖವನ್ನು ಒಂದು ಗಳಿಗೆ ನೋಡಿ, ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ಅದು ಉಬ್ಬುವವರೆಗೂ ಅದನ್ನೇ ನೋಡುತ್ತ ನಿಂತಳು.

"ಇಲ್ಲಿ ಊಟದ ಮಂದಿ ಬರೋ ಹೊತ್ತು," ಎಂದಳು ಆಮೇಲೆ. "ಬಸ್ಸು ಅಲ್ಲಿ ನಿಂದರ್ತದ."

ಬೆಂಚೆಲ್ಲ ಖಾಲಿ ಇತ್ತು. ನಾನು ಎದ್ದು ರಸ್ತೆಗೆ ಬಂದೆ. ನೆರಳಿರಲಿಲ್ಲ. ಬಸ್ಸು ಬರುವುದಕ್ಕೆ ಅರ್ಧ ಗಂಟೆ ಹಿಡಿಯಿತು. ಮನೆಗೆ ಬಂದಾಗ ಹೆಂಡತಿ ಆಗಲೇ ಬಂದು ಅನ್ನಕ್ಕಿಟ್ಟಿದ್ದಳು. ಎಲ್ಲಿಗೆ ಹೋಗಿದ್ದೆ, ಏನಾಯಿತು ಎಂದು ಹೇಳಿದೆ. ಅವಳು ಪೂರ್ತಿ ಕೇಳಿದಳು. ಆಮೇಲೆ ಇಬ್ಬರೂ ಊಟಕ್ಕೆ ಕೂತೆವು. ಅವನ ಹೆಸರು ಏನೆಂದು ಖಾನಾವಳಿಯವಳನ್ನು ಕೇಳಿದಿರಾ ಎಂದು ಮಧ್ಯದಲ್ಲಿ ಒಮ್ಮೆ ಕೇಳಿದಳು. ನಾನು ಕೇಳಿರಲಿಲ್ಲ.