ಉಪವಾಸ ಕೆಡವಿದ ಮಡಿ

ವಿಶ್ವವಿದ್ಯಾಲಯಗಳ ಸಂಶೋಧನಾ ಹುದ್ದೆಯ ಪ್ರಕಟಣೆಗಳಲ್ಲಿ ‘ಸಂಪೂರ್ಣ ತಾತ್ಕಾಲಿಕ’ ಎಂಬ ಮಾತು ತಪ್ಪದೆ ಇರುತ್ತದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ಗೆದ್ದು ಗೆದ್ದೇ ಕೆಟ್ಟುಹೋದ ನನಗೆ ಅದನ್ನು ಓದಿದಾಗಲೆಲ್ಲ ಒಂದೇ ತಕರಾರು: ಅಪೂರ್ಣ ತಾತ್ಕಾಲಿಕ ಎಂಬುದೂ ಒಂದಿದೆಯೆ, ಇದ್ದರೆ ಅದಕ್ಕೆ ಅರ್ಜಿ ಹಾಕುವುದೆಲ್ಲಿ? ವಿಜ್ಞಾನವೋ ಎಂಜಿನಿಯರಿಂಗೋ ಆರೋಗ್ಯವೋ, ವಿಷಯ ಬದಲಾದೀತು, ವಿಶೇಷಣ ಬದಲಾಗದು. ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ಬಸ್ಸಿನಲ್ಲಿ ಪಕ್ಕದವರು “ನೌಕರಿ ಪಕ್ಕಾ ಏನ್ರೀ?” ಎಂದರೆ ಸಾಕು, ನನಗೆ ಕಿಟಕಿಯಾಚೆಯ ಮಸ್ಕಿ ಗುಡ್ಡದಲ್ಲಿ ಇದ್ದಕ್ಕಿದ್ದಂತೆ ಅತೀವ ಆಸಕ್ತಿ ಹುಟ್ಟುತ್ತದೆ.

ಅಂಥದೊಂದು ಹುದ್ದೆಯಲ್ಲಿ ನನ್ನ ಕೆಲಸವಿದ್ದದ್ದು ಸಿಂಧನೂರು ಬಳಿಯ ತುರ್ವಿಹಾಳದ ಒಂದು ಭತ್ತದ ಗದ್ದೆಯಲ್ಲಿ. ಕೆಲವು ಮಡಿಗಳಿಗೆ ಸತುವಿನ ಗೊಬ್ಬರ ಹಾಕುವುದು, ಪಕ್ಕದ ಒಂದು ಮಡಿಗೆ ಹಾಕದೆ ಬಿಡುವುದು, ಕೊನೆಗೆ ಹೋಲಿಸಿ ನೋಡುವುದು. ವ್ಯತ್ಯಾಸ ಕಂಡರೆ ಯೋಜನೆ ಮುಂದುವರಿಯುತ್ತದೆ, ನನ್ನ ಅನ್ನವೂ. ಕಾಣದಿದ್ದರೆ ಎರಡೂ ನಿಲ್ಲುತ್ತವೆ. ಹಾಗೆ ಬಿಟ್ಟ ಮಡಿ ನನ್ನ ಪಾಲಿಗೆ ಚರ್ಚೆಯ ಎದುರುವಾದಿ. ಸೋಲಲೆಂದೇ ನಿಂತಿರಬೇಕು, ಆದರೆ ನಿಂತಿರಲೇಬೇಕು.

ಕೊಯ್ಲಿಗೆ ಮುಂಚೆ ಹೋಗಿ ನೋಡುತ್ತೇನೆ, ಎಲ್ಲ ಮಡಿಗಳೂ ಒಂದೇ ಸಮ ತೂಗುತ್ತಿವೆ! ಗದ್ದೆಯ ಒಡತಿ ಹುಲಿಗೆಮ್ಮ ಬದುವಿನ ಮೇಲೆ ನಗುತ್ತ ನಿಂತಿದ್ದರು.

“ಯಮ್ಮಾ, ಈ ಮಡಿಗೆ ಏನರ ಹಾಕೀಯೇನಬೇ?”

“ಹೂಂ ತಮ್ಮಾ. ಬಾಜೂಕಿನವು ಉಂಡು ನಿಂತಾವ, ಇದೊಂದು ಹಳದಿ ಬಿದ್ದು ಉಪಾಸ ನಿಂತಿತ್ತು. ನೋಡಾಕ ಆಗ್ಲಿಲ್ಲ ನನಗ. ನಿನ್ನ ಚೀಲದಾಗ ಉಳಿದಿತ್ತಲ್ಲ, ಉಗ್ಗಿಬಿಟ್ಟೆ.”

“ಉಪಾಸ ಇರಲಿ ಅಂತನ ಬಿಟ್ಟಿದ್ದೆನಬೇ! ಹೇಳಿದ್ದಿಲ್ಲೇನು?”

“ಹೇಳಿದ್ದಿ. ಹೇಳೂದು ಭಾಳ ಚಲೋ ಹೇಳ್ತಿ. ಪಂಕ್ತ್ಯಾಗ ಕುಂತೋರೊಳಗ ಒಬ್ರನ್ನ ಬಿಟ್ಟು ಬಡಸ್ತಾರೇನಲೇ ಯಾರರ?”

ವಾದಕ್ಕೆ ನಿಂತೆ. ಪೂರ್ವಪಕ್ಷ, ಸಿದ್ಧಾಂತ, ದೃಷ್ಟಾಂತ, ನನ್ನ ಬತ್ತಳಿಕೆಯೆಲ್ಲ ಬರಿದಾಯಿತು. ಗಂಟಲು ಒಣಗಿದಾಗ ಆಕೆ ನೀರಿನ ಬಾಟಲಿ ಮುಂದೆ ಹಿಡಿದರು. ಆಕೆಯ ಖಂಡನೆ ಅಷ್ಟೇ.

ವ್ಯತ್ಯಾಸವಿಲ್ಲವೆಂದೂ ಏಕಿಲ್ಲವೆಂದೂ ವರದಿ ಬರೆದೆ. ಯೋಜನೆ ನಿಂತಿತು. ಈಗ ಊರೂರ ನೇರ ಸಂದರ್ಶನಗಳಲ್ಲಿ ನನ್ನಂಥವರ ನಡುವೆ ಕೂರುತ್ತೇನೆ. ಎಲ್ಲರದೂ ಅದೇ ಓದು, ಅದೇ ಅಂಕಪಟ್ಟಿ, ಅದೇ ಇಸ್ತ್ರಿ ಅಂಗಿ. ಒಬ್ಬನನ್ನು ಒಳಗೆ ಉಳಿಸಿಕೊಂಡು ಮಿಕ್ಕವರನ್ನು ಬಿಡುತ್ತಾರೆ. ಇದು ಯಾವ ಪ್ರಯೋಗವೆಂದು ಕೇಳೋಣವೆಂದರೆ ಬಾಗಿಲು ಮುಚ್ಚಿರುತ್ತದೆ.

ಮೊನ್ನೆ ಹುಲಿಗೆಮ್ಮ ಫೋನ್ ಮಾಡಿದ್ದರು. “ತಮ್ಮಾ, ನಾಟಿ ಸುರು ಆತು, ಯಾವಾಗ ಬರ್ತಿ? ನಾ ಮಾಡಿದ್ದು ನಿನಗ ತ್ರಾಸಾತಂತ ಮಂದಿ ಅಂದ್ರು. ಈ ಸಲ ಒಂದು ಮಡಿ ಉಪಾಸ ಕೆಡವ್ತೀನಿ ತಗೋ. ಆ ಕಡೆ ಹೊಳ್ಳಿ ಸೈತ ನೋಡಂಗಿಲ್ಲ.”

ಯೋಜನೆಯೇ ನಿಂತದ್ದು ಆಕೆಗೆ ಗೊತ್ತಿರಲಿಲ್ಲ.

“ಬ್ಯಾಡಬೇ,” ಎಂದೆ, “ಎಲ್ಲಾಕೂ ಹಾಕು.”

“ಯಾಕಪಾ?” ಎಂದರು.

ನನ್ನ ಬಳಿ ವಾದವಿರಲಿಲ್ಲ.