ಮಿಸ್ ರೂತ್ ಹಾಸ್ಟೆಲ್ ನೋಡಲು ಬಂದದ್ದು

2014ರಲ್ಲಿ ನಾನು ಡಲ್ಲಾಸ್ ನಗರದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಟ್ರಾನ್ಸ್‌ಫರ್ ಅಡ್ವೈಸರ್ ಆಗಿದ್ದೆ. ಕಮ್ಯುನಿಟಿ ಕಾಲೇಜೆಂದರೆ ಪದವಿಯ ಮೊದಲ ಎರಡು ವರ್ಷವನ್ನು ಮಾತ್ರ ಓದಿಸುವ ಸ್ಥಳೀಯ ಕಾಲೇಜು. ನಮ್ಮಲ್ಲಿ ಹಾಸ್ಟೆಲ್ ಇರಲಿಲ್ಲ, ವಿದ್ಯಾರ್ಥಿಗಳು ಮನೆಯಿಂದ ಬಂದು ಹೋಗುತ್ತಿದ್ದರು. ಉಳಿದ ಎರಡು ವರ್ಷಕ್ಕೆ ಅವರು ಯಾವುದಾದರೂ ವಿಶ್ವವಿದ್ಯಾಲಯಕ್ಕೆ ವರ್ಗವಾಗಬೇಕು. ಯಾವ ವಿಷಯ ತೆಗೆದುಕೊಳ್ಳಬೇಕು, ಎಲ್ಲಿ ಅರ್ಜಿ ಹಾಕಬೇಕು, ಸೀಟು ಸಿಕ್ಕಮೇಲೆ ಏನು ಮಾಡಬೇಕು ಎಂದು ದಾರಿ ತೋರಿಸುವುದು ನನ್ನ ಕೆಲಸ. ಮೈಸೂರಿನಲ್ಲಿ ಪಿಯುಸಿ ಮಕ್ಕಳಿಗೆ ಪಾಠ ಹೇಳಿ ಅಭ್ಯಾಸವಿದ್ದ ನನಗೆ ಈ ಕೆಲಸ ಬೇಗನೆ ಒಗ್ಗಿತ್ತು.

ಆ ವರ್ಷ ನಮ್ಮ ನಿರ್ದೇಶಕರು ನನಗೊಂದು ಹೆಚ್ಚುವರಿ ಹೊಣೆ ವಹಿಸಿದರು. ಕಾಲೇಜಿನಲ್ಲಿದ್ದ ಮೂಲನಿವಾಸಿ, ಅಂದರೆ ನೇಟಿವ್ ಅಮೆರಿಕನ್ ವಿದ್ಯಾರ್ಥಿಗಳನ್ನೆಲ್ಲ ನಾನೇ ನೋಡಿಕೊಳ್ಳಬೇಕು. ಡಲ್ಲಾಸ್‌ನಂಥ ಊರಿನಲ್ಲಿ ಅವರೆಲ್ಲಿದ್ದಾರೆ ಎಂದು ನಾನು ಕೇಳಿದ್ದುಂಟು. ಕಳೆದ ಶತಮಾನದ ಐವತ್ತು, ಅರವತ್ತರ ದಶಕದಲ್ಲಿ ಸರ್ಕಾರ ಕೆಲಸ ಕೊಡಿಸುವ ಮಾತು ಹೇಳಿ ಎಷ್ಟೋ ಮೂಲನಿವಾಸಿ ಕುಟುಂಬಗಳನ್ನು ನಗರಗಳಿಗೆ ಕಳಿಸಿತ್ತು. ಡಲ್ಲಾಸ್ ಆ ನಗರಗಳಲ್ಲಿ ಒಂದು. ಹಾಗೆ ಬಂದವರ ಮೊಮ್ಮಕ್ಕಳು ಈಗ ನಮ್ಮ ಕಾಲೇಜಿನಲ್ಲಿದ್ದರು. ಓದಿನಲ್ಲಿ ಹಿಂದೆ ಬಿದ್ದವರೇನಲ್ಲ. ಆದರೆ ವಿಶ್ವವಿದ್ಯಾಲಯಕ್ಕೆ ಹೋಗುವ ಹೊತ್ತು ಬಂದಾಗ ಅವರಲ್ಲಿ ಕೆಲವರು ಸದ್ದಿಲ್ಲದೆ ಓದು ನಿಲ್ಲಿಸಿಬಿಡುತ್ತಿದ್ದರು. ಏಕೆಂದು ಕೇಳಿದರೆ "ಸುಮ್ಮನೆ" ಎನ್ನುತ್ತಿದ್ದರು.

ಕೇಲಾ ಹಾಗೆ ನಿಲ್ಲಿಸುವವಳೆಂದು ನಾನು ಎಣಿಸಿರಲಿಲ್ಲ. ಅವಳು ಚಾಕ್ಟಾ ಎಂಬ ಮೂಲನಿವಾಸಿ ಜನಾಂಗದ ಹುಡುಗಿ. ತಾಯಿ ಆಸ್ಪತ್ರೆಯೊಂದರಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದುದರಿಂದ ಅವಳನ್ನು ಬೆಳೆಸಿದವರು ಅಜ್ಜಿ. ಜಿಯಾಲಜಿ ಎಂದರೆ ಅವಳಿಗೆ ಪ್ರಾಣ. ನನ್ನ ಕೋಣೆಗೆ ಬಂದಾಗಲೆಲ್ಲ ಬ್ಯಾಕ್‌ಪ್ಯಾಕಿನಿಂದ ಯಾವುದೋ ಕಲ್ಲು ತೆಗೆದು ಮೇಜಿನ ಮೇಲಿಟ್ಟು, "ಮಿಸ್ ವಸುಧಾ, ಇದು ಒಂದು ಕಾಲದಲ್ಲಿ ಸಮುದ್ರದ ತಳದಲ್ಲಿತ್ತು, ಗೊತ್ತಾ?" ಎಂದು ಶುರು ಮಾಡುತ್ತಿದ್ದಳು. ಅವಳಿಗೆ ಹ್ಯೂಸ್ಟನ್ ಮತ್ತು ಆಸ್ಟಿನ್‌ನ ಎರಡು ವಿಶ್ವವಿದ್ಯಾಲಯಗಳಲ್ಲಿ ಸೀಟು ಸಿಕ್ಕಿತು. ವಿದ್ಯಾರ್ಥಿವೇತನವೂ ಸಿಕ್ಕಿತು. ನಾನು ಸಂತೋಷದಿಂದ ಫೋನ್ ಮಾಡಿದೆ.

"ನಾನು ಹೋಗಲ್ಲ ಮಿಸ್ ವಸುಧಾ. ಇಲ್ಲೇ ಏನಾದ್ರೂ ಕೆಲಸ ನೋಡ್ಕೋತೀನಿ."

"ಯಾಕೆ ಕೇಲಾ?"

"ಪೋಕ್ನಿಗೆ ಇಷ್ಟ ಇಲ್ಲ."

ಪೋಕ್ನಿ ಎಂದರೆ ಅವರ ಭಾಷೆಯಲ್ಲಿ ಅಜ್ಜಿ. ಏಕೆ ಇಷ್ಟವಿಲ್ಲ ಎಂಬುದು ಕೇಲಾಗೂ ಗೊತ್ತಿರಲಿಲ್ಲ. ಅಜ್ಜಿ ಕಾರಣ ಹೇಳಿರಲಿಲ್ಲ, ಇವಳು ಕೇಳಿರಲಿಲ್ಲ. ಹಿರಿಯರನ್ನು ಹಾಗೆಲ್ಲ ಕೆದಕುವ ಪದ್ಧತಿ ಅವರ ಮನೆಯಲ್ಲಿ ಇರಲಿಲ್ಲ. ನಾನು ಅಜ್ಜಿಯನ್ನೇ ಭೇಟಿಯಾಗಲು ಅನುಮತಿ ಕೇಳಿದೆ.

ಅವರ ಹೆಸರು ರೂತ್. ಟೆಕ್ಸಾಸ್‌ನಲ್ಲಿ ಹಿರಿಯ ಹೆಂಗಸರನ್ನು ಹೆಸರಿನ ಮೊದಲು ಮಿಸ್ ಸೇರಿಸಿ ಕರೆಯುವುದು ಮರ್ಯಾದೆ, ಹಾಗಾಗಿ ನನಗೂ ಅವರು ಮಿಸ್ ರೂತ್. ಎಪ್ಪತ್ತು ದಾಟಿದ್ದರೂ ನೆಟ್ಟಗೆ ಕೂರುತ್ತಿದ್ದ, ಕಡಿಮೆ ಮಾತಿನ ಹೆಂಗಸು. ಬಾಗಿಲಲ್ಲೇ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಕೇಲಾ ಹೇಳಿದಳು, ನೀನೂ ಇಂಡಿಯನ್ ಅಂತೆ. ಯಾವ ಇಂಡಿಯನ್?"

"ಇಂಡಿಯಾದ ಇಂಡಿಯನ್, ಮಿಸ್ ರೂತ್."

"ಓಹೋ! ಕೊಲಂಬಸ್ ಹುಡುಕ್ತಾ ಇದ್ದದ್ದು ನಿಮ್ಮನ್ನ. ಒಳಗೆ ಬಾ."

ಕಾಫಿ ಕೊಟ್ಟರು. ನಾನು ಕೇಲಾಳ ಅಂಕಗಳನ್ನು ಹೊಗಳಿದೆ, ಅವರು ತಲೆಯಾಡಿಸಿದರು. ಜಿಯಾಲಜಿ ಓದಿದವರಿಗೆ ಸಿಗುವ ಕೆಲಸಗಳ ಬಗ್ಗೆ ಹೇಳಿದೆ, ಅದಕ್ಕೂ ತಲೆಯಾಡಿಸಿದರು. ಹಾಸ್ಟೆಲ್ಲಿನ ಮಾತು ಬಂದದ್ದೇ ತಡ, ಎದ್ದು ಹೋಗಿ ಸಿಂಕಿನಲ್ಲಿ ತೊಳೆದಿಟ್ಟಿದ್ದ ಕಪ್ಪುಗಳನ್ನೇ ಮತ್ತೆ ತೊಳೆಯತೊಡಗಿದರು. ಹೊರಡುವಾಗ ನನಗೆ ಹೊಳೆದದ್ದು ಒಂದೇ ಮಾತು. "ನೀವೇ ಒಮ್ಮೆ ಬಂದು ಜಾಗ ನೋಡಿ. ನೋಡಿದ ಮೇಲೂ ಬೇಡ ಅನ್ನಿಸಿದ್ರೆ ನಾನು ಮತ್ತೆ ಈ ವಿಷಯ ಎತ್ತಲ್ಲ."

ಅವರು ಕೈ ಒರೆಸಿಕೊಂಡು, "ಯಾರು ಡ್ರೈವ್ ಮಾಡ್ತಾರೆ?" ಎಂದರು.

ಹಾಗೆ ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ, ಕಾಲೇಜಿನ ಅನುಮತಿ ಪಡೆದು, ನಾವು ಮೂವರೂ ನನ್ನ ಕಾರಿನಲ್ಲಿ ಹೊರಟೆವು. ಮೊದಲ ದಿನ ಹ್ಯೂಸ್ಟನ್, ಮರುದಿನ ಆಸ್ಟಿನ್, ಅಲ್ಲಿಂದ ವಾಪಸ್ ಡಲ್ಲಾಸ್. ಹೆದ್ದಾರಿಯ ಎರಡೂ ಬದಿ ಬ್ಲೂಬಾನೆಟ್ ಹೂವು ನೀಲಿಯಾಗಿ ಹಾಸಿತ್ತು. ಕೇಲಾ ಹಿಂದಿನ ಸೀಟಿನಲ್ಲಿ ಕೂತು, ರಸ್ತೆಗಾಗಿ ಗುಡ್ಡ ಕಡಿದಲ್ಲೆಲ್ಲ ಕಾಣುವ ಮಣ್ಣಿನ ಪದರಗಳ ಹೆಸರು ಹೇಳುತ್ತಿದ್ದಳು. ಮಿಸ್ ರೂತ್ ಖುಷಿಯಾಗಿಯೇ ಇದ್ದರು.

ಹ್ಯೂಸ್ಟನ್‌ನಲ್ಲಿ ಎಲ್ಲ ಕೆಟ್ಟಿತು. ಕ್ಯಾಂಪಸ್ ತೋರಿಸಲು ಬಂದ ವಿದ್ಯಾರ್ಥಿನಿ ಪ್ರಯೋಗಾಲಯ, ಗ್ರಂಥಾಲಯ ಎಲ್ಲ ತೋರಿಸಿ ನಮ್ಮನ್ನು ಹಾಸ್ಟೆಲ್ಲಿನ ಮುಂದೆ ತಂದು ನಿಲ್ಲಿಸಿದಳು. ಕೆಂಪು ಇಟ್ಟಿಗೆಯ ಉದ್ದನೆಯ ಕಟ್ಟಡ, ಒಂದೇ ಅಳತೆಯ ಸಾಲುಸಾಲು ಕಿಟಕಿ. ಮಿಸ್ ರೂತ್ ಅಲ್ಲೇ ನಿಂತುಬಿಟ್ಟರು. "ನೀವು ಹೋಗಿ ಬನ್ನಿ" ಎಂದು ಕಲ್ಲುಬೆಂಚಿನ ಮೇಲೆ, ಆ ಕಟ್ಟಡಕ್ಕೆ ಬೆನ್ನು ಮಾಡಿ ಕುಳಿತರು. ನಾವು ಹೊರಗೆ ಬಂದಾಗಲೂ ಹಾಗೇ ಕುಳಿತಿದ್ದರು. ಕೇಲಾ ಅವರ ಪಕ್ಕ ಕೂತು ಕೈ ಹಿಡಿದುಕೊಂಡಳು. ನನ್ನತ್ತ ತಿರುಗಿ, "ಆಸ್ಟಿನ್‌ಗೆ ಹೋಗೋದು ಬೇಡ ಬಿಡಿ. ನಾಳೆ ಸೀದಾ ಮನೆಗೆ ಹೋಗೋಣ" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದು ನನಗೆ ಇನ್ನೂ ಕಷ್ಟವೆನಿಸಿತು.

ಆ ರಾತ್ರಿ ನಾವು ಉಳಿಯಬೇಕಿದ್ದದ್ದು ಹ್ಯೂಸ್ಟನ್ ಪಕ್ಕದ ಸೈಪ್ರೆಸ್‌ನಲ್ಲಿದ್ದ ನನ್ನ ಗೆಳತಿ ಶೈಲಾಳ ಮನೆಯಲ್ಲಿ. ಶೈಲಾ ಧಾರವಾಡದವಳು. ಯಾರು ಮನೆಗೆ ಬಂದರೂ ಮೊದಲು ತಟ್ಟೆ ಹಾಕುವ ಜಾತಿ. ಸಂಜೆ ಬೇಗನೆ ಊಟಕ್ಕೆ ಕೂರಿಸಿ, ಮಿಸ್ ರೂತ್‌ಗೂ ಕನ್ನಡದಲ್ಲೇ "ತಗೋರಿ, ನಾಚ್ಕೋಬ್ಯಾಡ್ರಿ" ಎಂದು ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದಳು. ಅವರಿಗೆ ಮಾತು ತಿಳಿಯದಿದ್ದರೂ ಅರ್ಥವಾಗಿ ಎರಡನೇ ರೊಟ್ಟಿ ಹಾಕಿಸಿಕೊಂಡರು. ಅಷ್ಟರಲ್ಲಿ ಶೈಲಾಳ ಏಳು ವರ್ಷದ ಮಗಳು ತಟ್ಟೆ ದೂಡಿ, "ಮಾಮ್, ಐ ಡೋಂಟ್ ವಾಂಟ್ ದಿಸ್" ಎಂದಳು.

"ಕನ್ನಡದಾಗ ಹೇಳು! ಮನ್ಯಾಗ ಇಂಗ್ಲಿಷ್ ಬ್ಯಾಡ ಅಂತ ಎಷ್ಟ್ ಸಲ ಹೇಳ್ಬೇಕ ನಿನಗ?" ಶೈಲಾ ಗದರಿದಳು.

ಮಗು ಮುಖ ಊದಿಸಿತು. ಮಿಸ್ ರೂತ್ ನನ್ನ ಕಡೆ ಬಾಗಿ, "ಯಾಕೆ ಬಯ್ತಾ ಇದ್ದಾಳೆ?" ಎಂದು ಕೇಳಿದರು.

"ಮನೆಯಲ್ಲಿ ನಮ್ಮ ಭಾಷೆಯಲ್ಲೇ ಮಾತಾಡ್ಬೇಕು, ಇಂಗ್ಲಿಷ್ ಮಾತಾಡ್ಬೇಡ ಅಂತ."

ಅವರು ನಕ್ಕರು. ಮೊದಲು ಸಣ್ಣಗೆ, ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು. ನಗು ನಿಂತ ಮೇಲೆ ರೊಟ್ಟಿಯ ಚೂರೊಂದನ್ನು ಕೈಯಲ್ಲೇ ಹಿಡಿದು ಹೇಳಿದರು: "ನಮ್ಮನ್ನ ಬೈದದ್ದು ಇದರ ಉಲ್ಟಾ."

ಆಮೇಲೆ ಹೇಳಿದ್ದನ್ನು ಅವರು ಅದುವರೆಗೆ ಕೇಲಾಳ ಮುಂದೆಯೂ ಹೇಳಿರಲಿಲ್ಲ. ಒಕ್ಲಹೋಮಾದ ಹಳ್ಳಿಯಿಂದ ಅವರನ್ನೂ ಅವರ ತಮ್ಮನನ್ನೂ ಚಿಕ್ಕಂದಿನಲ್ಲೇ ಸರ್ಕಾರದವರು ಮೂಲನಿವಾಸಿ ಮಕ್ಕಳ ವಸತಿ ಶಾಲೆಯೊಂದಕ್ಕೆ ಸೇರಿಸಿದ್ದರು. ಮಕ್ಕಳಿಂದ ಅವರ ಭಾಷೆ, ರೀತಿನೀತಿ ಬಿಡಿಸುವುದೇ ಅಂಥ ಶಾಲೆಗಳ ಉದ್ದೇಶವಾಗಿತ್ತು. ಕತ್ತಲಾದ ಮೇಲೆ ಮಲಗುವ ಕೋಣೆಗೆ ಹೊರಗಿನಿಂದ ಬೀಗ ಹಾಕುತ್ತಿದ್ದರು. ಚಾಕ್ಟಾ ಮಾತಾಡಿದರೆ ಶಿಕ್ಷೆ.

"ತಮ್ಮನಿಗೆ ಇಂಗ್ಲಿಷ್ ಬರ್ತಾ ಇರ್ಲಿಲ್ಲ. ನನಗೆ ಚಾಕ್ಟಾ ಮಾತಾಡೋಕೆ ಬಿಡ್ತಾ ಇರ್ಲಿಲ್ಲ. ಊಟದ ಹಾಲ್‌ನಲ್ಲಿ ಅವನು ಹುಡುಗರ ಸಾಲಲ್ಲಿ, ನಾನು ಹುಡುಗಿಯರ ಸಾಲಲ್ಲಿ. ದಿನಾ ಒಬ್ಬರ ಮುಖ ಒಬ್ಬರು ನೋಡ್ತಾ ಇದ್ವಿ, ಅಷ್ಟೇ. ಅವನಿಗೆ ಇಂಗ್ಲಿಷ್ ಬರೋ ತನಕ ನಾವಿಬ್ಬರೂ ಒಂದು ಮಾತೂ ಆಡ್ಲಿಲ್ಲ."

ಶೈಲಾಳ ಮಗಳು ತಾಯಿಯ ಮಡಿಲು ಸೇರಿದ್ದಳು. ಕೇಲಾ ಅಳುತ್ತಿದ್ದಳು. ಮಿಸ್ ರೂತ್ ಅವಳ ಬೆನ್ನು ಸವರಿ, "ಆ ಇಟ್ಟಿಗೆ ಕಟ್ಟಡ ನೋಡಿದ್ದೇ ನನ್ನ ಕಾಲು ಮುಂದೆ ಹೋಗ್ಲಿಲ್ಲ. ಅದು ಆ ಶಾಲೆ ಅಲ್ಲ ಅಂತ ಗೊತ್ತು. ಆದ್ರೂ ಹೋಗ್ಲಿಲ್ಲ" ಎಂದರು.

ನಾನು ಅಷ್ಟು ವರ್ಷದಿಂದ 'ಹಾಸ್ಟೆಲ್ ಸೌಲಭ್ಯವಿದೆ' ಎಂದು ಒಳ್ಳೆಯ ಸುದ್ದಿಯ ಹಾಗೆ ಹೇಳುತ್ತ ಬಂದಿದ್ದೆ. ಆ ಮಾತು ಕೆಲವು ಮನೆಗಳಲ್ಲಿ ಹೇಗೆ ಕೇಳಿಸಿರಬಹುದೆಂದು ಆವತ್ತು ಮೊದಲ ಬಾರಿಗೆ ತಿಳಿಯಿತು. ಅವರನ್ನು ಒಪ್ಪಿಸುವ ಮನಸ್ಸೇ ನನಗೆ ಉಳಿದಿರಲಿಲ್ಲ. "ಮಿಸ್ ರೂತ್, ನಾಳೆ ಡಲ್ಲಾಸ್‌ಗೇ ಹೋಗೋಣ" ಎಂದೆ.

ಅವರು ಕೇಲಾಳನ್ನು ನೋಡಿದರು. "ಇವಳು ಕಾರಿನಲ್ಲಿ ದಾರಿಯುದ್ದಕ್ಕೂ ಕಲ್ಲಿನ ಹೆಸರು ಹೇಳ್ತಾ ಇದ್ದಳಲ್ಲ, ಕೇಳಿದೆಯಾ? ಆಸ್ಟಿನ್‌ಗೆ ಹೋಗೋಣ. ಆದ್ರೆ ಈ ಸಲ ನಾನು ಒಳಗೆ ಹೋಗಬೇಕು. ನನ್ನ ಪ್ರಶ್ನೆಗಳಿಗೆ ಉತ್ತರ ಬೇಕು."

ಬೆಳಿಗ್ಗೆ ಹೊರಡುವ ಮುನ್ನ ನಾನು ಆಸ್ಟಿನ್‌ನ ಹಾಸ್ಟೆಲ್ ಮ್ಯಾನೇಜರ್‌ಗೆ ಫೋನ್ ಮಾಡಿದೆ. ಮಾರ್ಕಸ್ ಎಂಬ ಯುವಕ. ಮಿಸ್ ರೂತ್ ಅವರನ್ನು ಕೇಳಿಕೊಂಡೇ, ಅವರ ಹಿನ್ನೆಲೆಯನ್ನು ಚುಟುಕಾಗಿ ತಿಳಿಸಿ, "ಟೂರ್ ಬೇಡ. ಒಂದು ಕೋಣೆ ತೋರಿಸಿ, ಅವರು ಕೇಳಿದ್ದಕ್ಕೆ ಇದ್ದದ್ದು ಇದ್ದ ಹಾಗೆ ಹೇಳಿ. ಸಾಕು" ಎಂದೆ. ಅವನು, "ಬನ್ನಿ ಮ್ಯಾಮ್, ನಾನೇ ಕೆಳಗೆ ಕಾಯ್ತಾ ಇರ್ತೀನಿ" ಎಂದ.

ಹೇಳಿದಂತೆ ಬಾಗಿಲಲ್ಲೇ ನಿಂತಿದ್ದ. ಎರಡನೇ ಮಹಡಿಯ ಒಂದು ಖಾಲಿ ಕೋಣೆಯ ಮುಂದೆ ನಮ್ಮನ್ನು ಕರೆದೊಯ್ದು ಕೀಲಿಯನ್ನು ಮಿಸ್ ರೂತ್ ಕೈಗೇ ಕೊಟ್ಟ. ಅವರು ಬೀಗ ತೆಗೆದರು. ಒಬ್ಬರೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಒಳಗಿನಿಂದ ಚಿಲಕ ಹಾಕುವ, ತೆಗೆಯುವ ಸದ್ದು ಎರಡು ಮೂರು ಸಲ ಕೇಳಿಸಿತು. ಹೊರಗೆ ಬಂದವರೇ ಕೇಳಿದರು:

"ಹೊರಗಿನಿಂದ ಬೀಗ ಹಾಕಿದ್ರೆ ಒಳಗಿದ್ದವರು ತೆಗೀಬಹುದಾ?"

"ಯಾವಾಗ ಬೇಕಾದ್ರೂ ತೆಗೀಬಹುದು ಮ್ಯಾಮ್. ಒಳಗಿದ್ದವರನ್ನ ಯಾರೂ ಕೂಡಿಹಾಕೋಕೆ ಆಗಲ್ಲ."

"ಮನೆಯಲ್ಲಿ ಯಾರಾದ್ರೂ ತೀರಿಕೊಂಡ್ರೆ ಇವಳು ಮನೆಗೆ ಬರಬಹುದಾ? ಯಾರನ್ನ ಕೇಳಬೇಕು?"

"ನನ್ನನ್ನ ಕೇಳೋದೇನೂ ಇಲ್ಲ. ಮೇಷ್ಟ್ರುಗಳಿಗೆ ತಿಳಿಸಿದ್ರೆ ಒಳ್ಳೇದು. ಆದ್ರೆ ಯಾರೂ ತಡೆಯಲ್ಲ. ನೀವೂ ಬರಬಹುದು, ಯಾವಾಗ ಬೇಕಾದ್ರೂ."

ಮಿಸ್ ರೂತ್ ಕೇಲಾಳನ್ನು ಕಾರಿಡಾರಿನ ಆ ತುದಿಗೆ ಹೋಗಿ ನಿಲ್ಲಲು ಹೇಳಿದರು. ತಾವು ಈ ತುದಿಯಲ್ಲಿ ನಿಂತರು. ಆಮೇಲೆ ಗಟ್ಟಿ ದನಿಯಲ್ಲಿ, ಇಡೀ ಮಹಡಿಗೆ ಕೇಳುವಂತೆ, ಚಾಕ್ಟಾ ಭಾಷೆಯಲ್ಲಿ ಏನೋ ಕೂಗಿ ಕೇಳಿದರು. ಕೇಲಾ ಬೆಪ್ಪಾದಳು. ಮನೆಯಲ್ಲಿ ಅಜ್ಜಿ ಪಿಸುದನಿಯಲ್ಲಿ ಕಲಿಸಿದ್ದ ಕೆಲವೇ ಮಾತು ಅವಳಿಗೆ ಬರುತ್ತಿತ್ತು. ತಡವರಿಸಿ, ಆದರೆ ಅಷ್ಟೇ ಗಟ್ಟಿಯಾಗಿ ಉತ್ತರ ಕೊಟ್ಟಳು. ಒಂದು ಬಾಗಿಲು ತೆರೆಯಿತು. ಹೆಡ್‌ಫೋನ್ ಹಾಕಿಕೊಂಡಿದ್ದ ಹುಡುಗಿಯೊಬ್ಬಳು ಇಣುಕಿ ನೋಡಿ, "ಹಾಯ್" ಎಂದು ನಕ್ಕು, ಒಳಗೆ ಹೋದಳು. ಅಷ್ಟೇ. ಮಿಸ್ ರೂತ್ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತರು. ಬೇರೆ ಯಾರೂ ಬರಲಿಲ್ಲ.

ಏನು ಕೇಳಿದಿರಿ ಎಂದು ಆಮೇಲೆ ವಿಚಾರಿಸಿದೆ. "ಹಸಿವಾಗಿದೆಯಾ ಅಂತ ಕೇಳಿದೆ. ಹೌದು ಅಂದಳು" ಎಂದರು.

ಒಪ್ಪಿಗೆ ಎಂಬ ಪದವನ್ನು ಅವರು ಬಳಸಲೇ ಇಲ್ಲ. ವಾಪಸಾಗುವಾಗ ಕಾರಿನಲ್ಲಿ, "ಆ ಕೋಣೆಯ ಕಿಟಕಿ ಪೂರ್ವಕ್ಕಿದೆ. ಬೇಗ ಏಳ್ತಾಳೆ" ಎಂದು ನಿದ್ದೆ ಹೋದರು. ಹಿಂದಿನ ಸೀಟಿನಲ್ಲಿ ಕೇಲಾ ಬಾಯಿ ಮುಚ್ಚಿಕೊಂಡು ನಗುತ್ತಿದ್ದುದು ನನಗೆ ಕನ್ನಡಿಯಲ್ಲಿ ಕಂಡಿತು.

ಮುಂದೆಲ್ಲ ಸಲೀಸಾಗಿ ನಡೆಯಿತೆಂದೇನಲ್ಲ. ಮೊದಲ ಸೆಮಿಸ್ಟರಿನಲ್ಲೇ ಗಣಿತದ ಪರೀಕ್ಷೆ ಕೈಕೊಟ್ಟಾಗ ಕೇಲಾ ಚೀಲ ಕಟ್ಟಿಕೊಂಡು ಬಸ್ಸು ಹತ್ತಿ ಡಲ್ಲಾಸ್‌ಗೆ ಬಂದುಬಿಟ್ಟಳು. ಕೆಲಸ ಕೆಟ್ಟಿತೆಂದು ನಾನು ಅವರ ಮನೆಗೆ ಓಡಿದೆ. ಮಿಸ್ ರೂತ್ ಅವಳಿಗೆ ಹೊಟ್ಟೆತುಂಬ ಊಟ ಹಾಕಿ, ಭಾನುವಾರ ಮಧ್ಯಾಹ್ನ ತಾವೇ ಬಸ್ಸಿಗೆ ಹತ್ತಿಸಲು ಸಿದ್ಧರಾಗಿದ್ದರು. "ಯಾವಾಗ ಬೇಕಾದ್ರೂ ಬರಬಹುದು ಅಂದಿದ್ರಲ್ಲ, ಬಂದಳು. ನಾವೇನೂ ಕೂಡಿಹಾಕಲ್ಲ, ವಾಪಸ್ ಹೋಗ್ತಾಳೆ" ಎಂದರು. ಅವಳು ಹೋದಳು. ಪದವಿ ಮುಗಿಸಿದಳು. ಈಗ ಆಸ್ಟಿನ್ ಸುತ್ತಿನ ಸುಣ್ಣಕಲ್ಲಿನ ನೆಲದಡಿ ನೀರು ಹೇಗೆ ಹರಿಯುತ್ತದೆಂದು ಅಳೆಯುವ ಕೆಲಸದಲ್ಲಿದ್ದಾಳೆ.

ನಾನು ಆ ಹುದ್ದೆಯಲ್ಲಿ ಇನ್ನೂ ಕೆಲವು ವರ್ಷ ಇದ್ದೆ. ಮಿಸ್ ರೂತ್ ಹಾಸ್ಟೆಲ್ ನೋಡಿ ಬಂದ ಮೇಲೆ ನನ್ನ ಕೆಲಸದ ಕ್ರಮ ಬದಲಾಯಿತು. ವಿದ್ಯಾರ್ಥಿ ಬೇಡ ಎಂದರೆ ಮತ್ತಷ್ಟು ಸೌಲಭ್ಯಗಳನ್ನು ವಿವರಿಸುವ ಅಭ್ಯಾಸ ಬಿಟ್ಟೆ. ಮನೆಯ ಹಿರಿಯರನ್ನು ಮೊದಲ ಭೇಟಿಗೇ ಕರೆಯತೊಡಗಿದೆ. ಒಮ್ಮೆ ಮೂಲನಿವಾಸಿ ವಿದ್ಯಾರ್ಥಿನಿಯೊಬ್ಬಳ ತಂದೆ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು, ನನ್ನನ್ನು ನೋಡದೆ ಗೋಡೆ ನೋಡುತ್ತ ಕುಳಿತಿದ್ದರು. ಅವರ ಮಗಳು ಎಂಜಿನಿಯರಿಂಗ್ ಓದಬೇಕೆಂದಿದ್ದಳು. ಹಿಂದಾಗಿದ್ದರೆ ನಾನು ಆ ಕೋರ್ಸಿನ ಬಗ್ಗೆ ಶುರು ಮಾಡುತ್ತಿದ್ದೆ. ಅವತ್ತು, "ನೀವು ಓದಿದ ಶಾಲೆ ಹೇಗಿತ್ತು ಸರ್?" ಎಂದು ಮಾತ್ರ ಕೇಳಿದೆ.

ಅವರು ಟೋಪಿಯನ್ನು ಮೇಜಿನ ಮೇಲಿಟ್ಟು ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡರು. ನಾನು ಕಾಯುತ್ತ ಕುಳಿತೆ. ಕೊನೆಗೆ ಅವರು ಮಾತಾಡಲು ಶುರು ಮಾಡಿದಾಗ, ಅವರ ಮಗಳು ಆ ಕಥೆಯನ್ನು ನನ್ನ ಜೊತೆಗೇ ಮೊದಲ ಸಲ ಕೇಳಿಸಿಕೊಂಡಳು.