ಕುಂಕುಮದ ಮಗ್ಗುಲಿಗೆ ಚಪ್ಪಲಿ

ಒಂದು ಕುಂಕುಮದ ಭರಣಿ. ಅದರ ಮಗ್ಗುಲಿಗೆ ಒಂದು ಜೊತೆ ಚಪ್ಪಲಿ. ಚಪ್ಪಲಿಗೆ ಆತು ನಿಂತ ಮಕ್ಕಳ ಪಾಟಿ, ಅದರ ಹಿಂದೆ ಇಲಿಬೋನು. ಭಿವಂಡಿಯ ಗೋದಾಮಿನಲ್ಲಿ ನಾನು ಕಂಡ ಮೊದಲ ಕಪಾಟು ಇದು. ಅಯ್ಯ ಶಿವನೇ, ಇವರಿಗೆ ಬುದ್ಧಿಗಿದ್ಧಿ ಐತೋ ಇಲ್ಲೋ ಅಂದುಕೊಂಡೆ.

ನಾನು ಧಾರವಾಡ ಕಡೆಯ ಬೆಂಗೇರಿಯ ಕಿರಾಣಿ ಅಂಗಡಿಯವರ ಮಗಳು. ನಮ್ಮ ಅಂಗಡಿಯಲ್ಲಿ ಮೇಲಿನ ಹಲಗೆಗೆ ದೇವರ ಫೋಟೋ, ಅದರ ಕೆಳಗೆ ಕುಂಕುಮ, ವಿಭೂತಿ, ಊದಿನಕಡ್ಡಿ. ನಡುವೆ ತಿನ್ನುವ ಸಾಮಾನು, ಕೆಳಗೆ ಸಾಬೂನು, ಫಿನೈಲು. ಚಪ್ಪಲಿ ಏನಿದ್ದರೂ ಹೊಸ್ತಿಲಾಚೆ. ಅಪ್ಪ ಗಿರಾಕಿಯ ಜೊತೆ ಹರಟುತ್ತಲೇ ಹಿಂದಕ್ಕೆ ಕೈ ಚಾಚುತ್ತಾರೆ. ತಿರುಗಿ ನೋಡುವುದೂ ಇಲ್ಲ. ಬೇಕಾದ ಸಾಮಾನು ಕೈಗೆ ಬಂದಿರುತ್ತದೆ. ಅಂಥ ಮನೆಯಲ್ಲಿ ಬೆಳೆದವಳಿಗೆ ಕುಂಕುಮದ ಪಕ್ಕ ಚಪ್ಪಲಿ ಕಂಡರೆ ಎತ್ತಿ ಆಚೆ ಇಡೋಣ ಅನಿಸುವುದಿಲ್ಲವೇ, ನೀವೇ ಹೇಳಿ.

ಮುಂಬೈಯ ಬಗಲಿಗಿರುವ ಈ ಊರಿಗೆ ನಾನು ಬಂದದ್ದು ಗಂಡನ ಬೆನ್ನು ಹತ್ತಿ. ನಮ್ಮವರು ಲಾರಿ ಡ್ರೈವರು. ಅವರ ಟ್ರಾನ್ಸ್‌ಪೋರ್ಟ್ ಕಚೇರಿ ಭಿವಂಡಿಗೆ ಹೋದ ಮೇಲೆ, ನೆಂಟರಂತೆ ಬಂದು ನೆಂಟರಂತೆ ಹೋಗತೊಡಗಿದರು. "ಹಿಂಗ ಎಷ್ಟ ದಿನಾರೀ? ನಾನೂ ಬರ್ತೇನಿ" ಎಂದೆ. "ಬಾ ಅಂತೀನಿ. ಆದ್ರ ಒಬ್ಬನ ಪಗಾರದಾಗ ಅಲ್ಲಿ ಬಾಡಿಗಿ ಖೋಲಿ ನಡ್ಯಂಗಿಲ್ಲ. ನಿನಗೂ ಕೆಲಸ ಸಿಕ್ರ ಇಬ್ಬರೂ ಕೂಡಿ ಇರೂಣು, ಇಲ್ಲಂದ್ರ ನೀ ವಾಪಸ್ ಬೆಂಗೇರಿ" ಎಂದರು. ಮಾತು ಅಷ್ಟು ಸೀದಾ ಇತ್ತು. ಕೆಲಸ ಸಿಕ್ಕರೆ ಸಂಸಾರ, ಸಿಗದಿದ್ದರೆ ಬಸ್ಸು.

ಇಲ್ಲಿ ಕೆಲಸ ಸಿಗುವುದು ನಾಕಾದಲ್ಲಿ. ನಾಕಾ ಎಂದರೆ ನಾಲ್ಕು ರಸ್ತೆ ಕೂಡುವ ಜಾಗ. ಬೆಳಗಾಗುತ್ತಲೇ ಠೇಕೇದಾರರ ಗಾಡಿಗಳು ಬರುತ್ತವೆ, ಮುಂದೆ ನಿಂತವರನ್ನು ತುಂಬಿಕೊಂಡು ಗೋದಾಮುಗಳಿಗೆ ಹೋಗುತ್ತವೆ. ನಾನು ಸೆರಗು ಹೊದ್ದುಕೊಂಡು ನಿಂತು, ಪಕ್ಕದವರಿಗೆಲ್ಲ ನೀವು ಮೊದಲು ಹತ್ತಿ ಎಂದು ಸನ್ನೆ ಮಾಡಿ ದಾರಿ ಬಿಡುತ್ತಿದ್ದೆ. ಅವರು ಹತ್ತುತ್ತಿದ್ದರು, ಗಾಡಿ ಹೊರಡುತ್ತಿತ್ತು. ನಮ್ಮ ಕಡೆಯ ಮರ್ಯಾದೆಯನ್ನು ಕಟ್ಟಿಕೊಂಡು ಖೋಲಿಗೆ ವಾಪಸ್ಸು ಬರುತ್ತಿದ್ದೆ. ಕೊನೆಗೊಂದು ದಿನ ಬೂಟು ಹಾಕಿದ ಹೆಂಗಸೊಬ್ಬಳು ರಟ್ಟೆ ಹಿಡಿದು ನನ್ನನ್ನು ಗಾಡಿಯೊಳಗೆ ಎಳೆದುಕೊಂಡಳು. "ಏ ಪೋರಿ, ಇಲ್ಲಿ ಸುಮ್ಮ ನಿಂತ್ರ ಯಾರೂ ಆರತಿ ಹಿಡ್ದ ಕರಿಯೂದಿಲ್ಲ!"

ಕನ್ನಡ! ನನಗೆ ಅಳುವೇ ಬಂದಿತು. ಅವರು ಸೋಲಾಪುರ ಕಡೆಯ ಸುನಂದಾ. ಎಲ್ಲರೂ ಸುನಂದಾತಾಈ ಎನ್ನುತ್ತಿದ್ದರು. ಮರಾಠಿಯಲ್ಲಿ ತಾಈ ಎಂದರೆ ಅಕ್ಕ. ನನ್ನನ್ನು ತಮ್ಮ ಓಣಿಗೇ ಹಾಕಿಸಿಕೊಂಡರು. ಕಪಾಟುಗಳ ನಡುವಿನ ಸಾಲನ್ನು ನಾವು ಓಣಿ ಎನ್ನುತ್ತೇವೆ, ಮನೆಗಳಿಲ್ಲ ಅಷ್ಟೇ. ನಮ್ಮ ಕಡೆಯ ಅಮರಗೋಳದ ಮಾರುಕಟ್ಟೆ ಯಾರ್ಡಿನ ಮಳಿಗೆಗಳನ್ನೆಲ್ಲ ಒಂದೇ ತಗಡಿನಡಿ ತಂದರೂ ಇನ್ನೂ ಜಾಗ ಉಳಿದೀತು, ಅಂಥ ಗೋದಾಮು. ಜನ ಮೊಬೈಲಿನಲ್ಲಿ ಕೊಳ್ಳುವ ಸಾಮಾನೆಲ್ಲ ಹೊರಡುವುದು ಇಲ್ಲಿಂದಲೇ.

ಕೆಲಸ ಕಷ್ಟದ್ದಲ್ಲ. ಕಪಾಟಿನ ಪ್ರತಿ ಗೂಡಿಗೂ ಒಂದು ನಂಬರು. ಬಂದ ಸಾಮಾನನ್ನು ಖಾಲಿ ಇದ್ದ ಗೂಡಿನಲ್ಲಿಟ್ಟು, ಕೈಯಲ್ಲಿನ ಸ್ಕ್ಯಾನರಿನಿಂದ ಗೂಡಿಗೊಮ್ಮೆ, ಸಾಮಾನಿಗೊಮ್ಮೆ ಟಿಣ್ ಅನ್ನಿಸಬೇಕು. ಯಾವುದು ಎಲ್ಲಿದೆ ಎಂಬುದು ಮಷೀನಿನ ನೆನಪು. ದೇವರ ಸಾಮಾನು, ಕಾಲಿನ ಸಾಮಾನು ಎಂಬ ಭೇದ ಅದಕ್ಕಿಲ್ಲ. ನನ್ನನ್ನು ಮೊದಲು ಪರೀಕ್ಷೆಗೆ ಇಟ್ಟುಕೊಂಡಿದ್ದರು. ಸರಿಬಂದರೆ ಕಾಯಂ ಪಾಸು, ಇಲ್ಲದಿದ್ದರೆ ನಮಸ್ಕಾರ.

ಸರಿಬರಬೇಕೆಂದೇ ನಾನು ಆ ಕೆಲಸ ಮಾಡಿದ್ದು. ಊಟದ ಬಿಡುವಿನಲ್ಲಿ ರೊಟ್ಟಿ, ಶೇಂಗಾ ಚಟ್ನಿ ತಿಂದು ಬೇಗ ಬಂದು, ನಮ್ಮ ಓಣಿಯ ಕಪಾಟುಗಳನ್ನು ಒಪ್ಪ ಮಾಡಿದೆ. ಕುಂಕುಮ, ಕರ್ಪೂರ ಮೇಲಕ್ಕೆ. ಪಾಟಿ, ಪುಸ್ತಕ ಅದರ ಕೆಳಗೆ. ಚಪ್ಪಲಿ, ಕಸಬರಿಗೆ ತಳಕ್ಕೆ. ಎಷ್ಟು ಚೆಂದ ಕಾಣುತ್ತಿತ್ತೆಂದರೆ ನಾನೇ ನಿಂತು ನೋಡಿದೆ. ನಾಳೆ ಸಾಹೇಬರು ಕಂಡು ಶಾಬಾಸ್ ಅನ್ನುತ್ತಾರೆ ಎಂದು ಮನಸ್ಸಿನಲ್ಲೇ ಮಂಡಿಗೆ ತಿಂದೆ.

ಮರುದಿನ ಬೆಳಿಗ್ಗೆ ನಮ್ಮ ಓಣಿಯಲ್ಲಿ ಸ್ಕ್ಯಾನರುಗಳು ಒಂದೇ ಸಮ ಕಿರುಚತೊಡಗಿದವು. ಮಷೀನು ಹೇಳಿದ ಗೂಡಿನಲ್ಲಿ ಹೇಳಿದ ಸಾಮಾನಿಲ್ಲ. ಕುಂಕುಮ ಬೇಕೆಂದವನಿಗೆ ಇಲಿಬೋನು! ಗೋದಾಮಿನಲ್ಲಿ ಸಾಮಾನು ಕಾಣದಿದ್ದರೆ ಮೊದಲು ಬರುವ ಸಂಶಯ ಒಂದೇ, ಕಳವು. ಓಣಿ ಸುನಂದಾತಾಈಯದು, ಹೀಗಾಗಿ ಸೂಪರ್‌ವೈಸರು ಅವರನ್ನೇ ಕರೆಸಿದರು. ಸುಮ್ಮನಿದ್ದರೆ ತಾಈಯ ಕೆಲಸ ಹೋಗುತ್ತದೆ, ಬಾಯಿ ಬಿಟ್ಟರೆ ನಾನು ಬೆಂಗೇರಿ ಬಸ್ಸು ಹತ್ತುತ್ತೇನೆ. ಆದರೂ ಓಡಿಹೋಗಿ ತಾಈಯ ಮುಂದೆ ನಿಂತೆ. ಗಾಬರಿಯಲ್ಲಿ ಕಲಿತ ಹಿಂದಿಯೆಲ್ಲ ಹಾರಿಹೋಗಿ, ಬಾಯಿಗೆ ಬಂದದ್ದು ಧಾರವಾಡ ಕಡೆಯ ಕನ್ನಡವೇ.

"ಸಾಹೇಬ್ರ, ಅಕಿ ಏನೂ ಮಾಡಿಲ್ರೀ. ನಾನಽ ಎಲ್ಲಾ ಎತ್ತಿಟ್ಟೇನಿ. ಕುಂಕುಮದ ಬಾಜೂಕ ಚಪ್ಪಲಿ ಇಟ್ಟಿದ್ರಿ, ನನಗ ನೋಡಾಕ ಆಗ್ಲಿಲ್ಲರೀ!"

ತಾಈ ನನ್ನನ್ನೊಮ್ಮೆ ದುರುಗುಟ್ಟಿ ನೋಡಿ, ಮರಾಠಿಯಲ್ಲಿ ತಿಳಿಸಿಕೊಟ್ಟರು. ಸೂಪರ್‌ವೈಸರು ಎದ್ದು ಬಂದು ಕಪಾಟನ್ನು ನೋಡಿದರು. ಮೀಸೆಯ ತುದಿ ನಡುಗುತ್ತಿತ್ತು, ಸಿಟ್ಟಿಗೆಂದು ನಾನು ತಿಳಿದೆ. ಅವರು ನಗು ತಡೆಯುತ್ತಿದ್ದರು. ತಮ್ಮವ್ವ ಬಂದರೂ ಹೀಗೇ ಮಾಡಿಯಾಳು ಎಂದು ಅವರು ಹೇಳಿದ್ದನ್ನು ತಾಈ ಕನ್ನಡಕ್ಕೆ ತಂದರು. ಶಿಕ್ಷೆಯೂ ಆಯಿತು. ಇಡೀ ಓಣಿಯ ಸಾಮಾನನ್ನು ಒಂದೊಂದಾಗಿ ಮತ್ತೆ ಟಿಣ್ ಅನ್ನಿಸಬೇಕು, ಇನ್ನು ಮುಂದೆ ಏನೇ ಸರಿಸುವುದಿದ್ದರೂ ಮೊದಲು ಮಷೀನಿಗೆ ಹೇಳಬೇಕು.

"ನಿನ್ನ ಸಲುವಾಗಿ ನನ್ನ ಸೊಂಟಾ ಹೋತಲ್ಲಬೇ" ಎಂದು ಬಯ್ಯುತ್ತಲೇ ತಾಈ ದಿನವಿಡೀ ಜೊತೆಗೆ ಬಗ್ಗಿದರು, ಎದ್ದರು. ಕುಂಕುಮದ ಸರದಿ ಬಂದಾಗ ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಮೇಲಿನ ಗೂಡಿನ ನಂಬರಿಗೆ ಟಿಣ್, ಭರಣಿಗೆ ಟಿಣ್. ಈಗ ಅದು ಕಾನೂನಿನ ಪ್ರಕಾರವೇ ಮೇಲೆ ಕುಳಿತಿತು. ಪಾಸು ಕೈಗೆ ಬಂದ ದಿನ ನಮ್ಮವರು ವಡಾಪಾವ್ ತಂದರು, ಖೋಲಿಯ ಬಾಗಿಲಲ್ಲಿ ಕುಳಿತು ಇಬ್ಬರೂ ತಿಂದೆವು. ನಮ್ಮ ಕಡೆಯ ಚುರಮುರಿ ಗಿರ್ಮಿಟ್ಟಿನ ರುಚಿ ಅದಕ್ಕಿಲ್ಲ ಬಿಡಿ, ಆದರೂ ಅಷ್ಟು ಸಂತೋಷದಿಂದ ನಾನು ಏನನ್ನೂ ತಿಂದಿಲ್ಲ.

ಈ ಸಲ ನಾಗರ ಪಂಚಮಿಗೆ ತವರಿಗೆ ಬಂದೆ. ಅವ್ವ ಉಂಡಿ ಕಟ್ಟುತ್ತಿದ್ದಳು, ಅಪ್ಪ ಊಟಕ್ಕೆ ಎದ್ದಿದ್ದರು, ಅಂಗಡಿಯಲ್ಲಿ ನಾನಿದ್ದೆ. ಅಷ್ಟರಲ್ಲಿ ಸಗಟು ಅಂಗಡಿಯ ಮಾಲು ಬಂದಿತು. ಲಗುಬಗೆಯಿಂದ ಎಲ್ಲ ಜೋಡಿಸಿಟ್ಟೆ. ಅಪ್ಪ ಬಂದು ಗಾದಿಯ ಮೇಲೆ ಕುಳಿತರು. ಗಿರಾಕಿಯೊಬ್ಬಳು ಊದಿನಕಡ್ಡಿ ಕೇಳಿದಳು. ಅಪ್ಪ ಮಾತಾಡುತ್ತಲೇ ಹಿಂದಕ್ಕೆ ಕೈ ಚಾಚಿ, ಆಕೆಯ ಕೈಗೆ ಫಿನೈಲ್ ಬಾಟಲಿ ಕೊಟ್ಟರು.

"ಇದನ್ನ ಹಚ್ಚಿ ದೇವರಿಗೆ ಬೆಳಗ್ಲೇನ್ರೀ ಕಾಕಾ?" ಎಂದು ಆಕೆ ನಕ್ಕಳು.

ಅಪ್ಪ ತಿರುಗಿ ನೋಡಿದರು. ಖಾಲಿ ಕಂಡಲ್ಲೆಲ್ಲ ನಾನು ಸಾಮಾನು ತುರುಕಿದ್ದೆ. ದೇವರ ಫೋಟೋದ ಕೆಳಗೆ ಫಿನೈಲು! "ಯವ್ವಾ, ಇದ ಅಂಗಡಿ. ನಿನ್ನ ಗೋದಾಮ ಅಲ್ಲ. ಇಲ್ಲಿ ಮಷೀನ್ ಇಲ್ಲ, ನನ್ನ ಕೈ ಐತಿ" ಎಂದರು. ನಗುತ್ತಾ ಎಲ್ಲವನ್ನೂ ಹಿಂದಿನಂತೆ ಇಡತೊಡಗಿದೆ. ಒಂದೆರಡು ಸಾಮಾನಿನ ಜಾಗ ನೆನಪಾಗಲಿಲ್ಲ, ಅಪ್ಪನನ್ನು ಕೇಳಬೇಕಾಯಿತು.

ಕೂರಲು ಹೋದರೆ, ಚಿಕ್ಕಂದಿನಿಂದ ನಾನು ಕೂರುತ್ತಿದ್ದ ಸ್ಟೂಲಿನ ಮೇಲೆ ಬಿಸ್ಕತ್ತಿನ ಪೆಟ್ಟಿಗೆ ಇತ್ತು. ಅಪ್ಪ ಗಡಿಬಿಡಿಯಲ್ಲಿ ಎದ್ದು ಅದನ್ನೆತ್ತಿದರು. "ಖಾಲಿ ಇತ್ತಲ್ಲವ್ವಾ, ಅದಕ್ಕ ಇಟ್ಟಿದ್ದೆ."

ಅಷ್ಟರಲ್ಲಿ ನನ್ನ ಮೊಬೈಲು ಹೊಡೆದುಕೊಂಡಿತು, ನಮ್ಮವರ ಕರೆ. "ಯಾವಾಗ ಬರ್ತೀ? ಖೋಲಿ ಖಾಲಿ ಖಾಲಿ ಅನಸ್ತೈತಿ."

"ಬರ್ತೇನ್ರೀ" ಎಂದೆ. ಅಪ್ಪ ಪೆಟ್ಟಿಗೆಯನ್ನು ಎಲ್ಲಿಡುವುದೆಂದು ತಿಳಿಯದೆ ಹಿಡಿದುಕೊಂಡೇ ನಿಂತಿದ್ದರು. ಸ್ಟೂಲಿನ ಮೇಲೆ ಕುಳಿತು, "ಇಲ್ಲಿ ಕೊಡಪ್ಪಾ" ಎಂದು ಅದನ್ನು ಇಸಿದುಕೊಂಡೆ. ಅಂಗಡಿ ಮುಚ್ಚುವ ತನಕ ತೊಡೆಯ ಮೇಲಿಟ್ಟುಕೊಂಡೇ ಕುಳಿತಿದ್ದೆ.